ಗೆರೆಗೆ ಹತ್ತಿರದವರು

ಮಾರ್ಚ್ ೪, ಸೋಮವಾರ

ಸಮಿತಿಗೆ ನನ್ನ ಹೆಸರು ಹಾಕಿದ್ದಾರೆ. ಯಾಕೆ ಹಾಕಿದರೆಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಇಲಾಖೆಯಲ್ಲಿ ನನಗಿಂತ ಓದಿದವರಿದ್ದಾರೆ. ನನಗಿಂತ ನಗುಮುಖದವರಂತೂ ಎಲ್ಲರೂ. ಒಳ್ಳೆಯ ಕೆಲಸವಾಗಿದ್ದರೆ ನನ್ನ ತನಕ ಬರುತ್ತಿರಲಿಲ್ಲ. ನಾಳೆ ಜನ ಬೈಯುವಾಗ ಮುಂದೆ ನಿಲ್ಲಿಸಲು ಒಂದು ಮುಖ ಬೇಕು, ನನ್ನದು ಅದಕ್ಕೆ ಹೇಳಿ ಮಾಡಿಸಿದಂತಿದೆ.

ಕೆಲಸ ಇಷ್ಟು. ಇಲ್ಲಿಯತನಕ ಕಂಪನಿ, ಅಂಗಡಿಗಳಿಗಷ್ಟೇ ಇದ್ದ ತೆರಿಗೆ ಇನ್ನು ಮುಂದೆ ದುಡಿಯುವ ಪ್ರತಿಯೊಬ್ಬರ ಆದಾಯದ ಮೇಲೂ ಬರಲಿದೆ. ಎಷ್ಟು ಆದಾಯದವರೆಗೆ ತೆರಿಗೆ ಬೇಡ ಎಂಬುದನ್ನು ನಾವು ಮೂವರು ಹೇಳಬೇಕು. ಕಾಗದದಲ್ಲಿ ಅದಕ್ಕೆ ವಿನಾಯಿತಿ ಮಿತಿ ಎಂದು ಹೆಸರು. ಬಾಯಲ್ಲಿ ಎಲ್ಲರೂ ‘ಗೆರೆ’ ಎನ್ನುತ್ತಾರೆ.

ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ, ನಿದ್ದೆಯೋ ಗಮನವೋ ಹೇಳುವುದು ಕಷ್ಟ. ಎರಡನೆಯವರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಮೇಡಂ. ಮೆಲ್ಲಗೆ ಮಾತಾಡುತ್ತಾರೆ. ಮೆಲ್ಲಗೆ ಮಾತಾಡುವವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಮೂರನೆಯವನು ನಾನು, ಕೆಲಸಕ್ಕೆ ಸೇರಿದಾಗಿನಿಂದ ಅಂಗಡಿಗಳ ಲೆಕ್ಕ ತಪಾಸಣೆ ಮಾಡಿದವನು. ಇಲಾಖೆಯಲ್ಲಿ ಬೆನ್ನ ಹಿಂದೆ ನನ್ನನ್ನು ‘ಮೂಗು’ ಎನ್ನುತ್ತಾರೆ. ನನಗೆ ಗೊತ್ತಿಲ್ಲವೆಂದು ತಿಳಿದುಕೊಂಡಿದ್ದಾರೆ.

ಅಧ್ಯಕ್ಷರು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದರು. ಕೆಳಗೆರೆ ಎಂದರೆ ಗಾರೆ ಕೆಲಸದವನ ದುಡಿಮೆ. ನಡುಗೆರೆ ಎಂದರೆ ಹೊಸದಾಗಿ ಸೇರಿದ ಶಾಲಾ ಶಿಕ್ಷಕಿಯ ಸಂಬಳ. ಮೇಲ್ಗೆರೆ ಎಂದರೆ ನನ್ನಂಥವನ ಸಂಬಳ. ವರ್ತಕರ ಸಂಘ ಮೇಲ್ಗೆರೆಗಾಗಿ ಈಗಾಗಲೇ ಗೋಡೆ ತುಂಬ ಪೋಸ್ಟರ್ ಅಂಟಿಸಿದೆ. ನನ್ನದು ಕೆಳಗೆರೆ. ಸ್ವಲ್ಪವಾದರೂ ಸರಿ, ಎಲ್ಲರೂ ಕೊಡಲಿ. ಒಬ್ಬರಿಗೆ ಬಿಟ್ಟರೆ ಹತ್ತು ಜನ ಆ ಸಂದಿಯಲ್ಲಿ ನುಸುಳುತ್ತಾರೆ.

ಮನೆಗೆ ಬಂದು ಹೇಳಿದರೆ ನನ್ನವಳು, “ಅಯ್ಯೋ, ಇನ್ನು ಊರೆಲ್ಲ ನಮ್ಮನೇನೇ ಬೈಯುತ್ತೆ ಅನ್ನಿ” ಎಂದಳು. ತಂಗಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಗಂಡ ತೀರಿಹೋದ ಮೇಲೆ ಅವಳು ನಮ್ಮಲ್ಲೇ ಹಿಂದಿನ ಕೋಣೆಯಲ್ಲಿದ್ದಾಳೆ. ಇದ್ದಾಳೋ ಇಲ್ಲವೋ ಎಂಬಷ್ಟು ಸದ್ದಿಲ್ಲದವಳು.

ಮಾರ್ಚ್ ೭, ಗುರುವಾರ

ಇಂದು ನನ್ನ ನಕ್ಷೆ ತೋರಿಸಿದೆ. ಅಂಗಡಿ ತೆರಿಗೆಗೆ ಹಿಂದೆ ಒಂದು ಗೆರೆ ಎಳೆದಿದ್ದರಲ್ಲ, ಅದರ ಕೆಳಗೆ ಎಷ್ಟು ಅಂಗಡಿಗಳು, ಮೇಲೆ ಎಷ್ಟು ಎಂದು. ಮಳೆ ಬಂದಾಗ ಸೂರಿನ ಕೆಳಗೆ ಜನ ಒತ್ತಿ ನಿಲ್ಲುತ್ತಾರಲ್ಲ, ಹಾಗೆ ಗೆರೆಯ ಕೆಳಗೇ ಎಲ್ಲರೂ ಗುಂಪುಗೂಡಿದ್ದಾರೆ. ಗೆರೆಯ ಮೇಲೆ ಬಯಲೋ ಬಯಲು.

“ನೋಡಿ ಸರ್, ಇಷ್ಟು ಜನಕ್ಕೂ ವ್ಯಾಪಾರ ಅದೇ ಲೆಕ್ಕಕ್ಕೆ ನಿಂತುಬಿಡುತ್ತಾ? ಎಲ್ಲರೂ ತಲೆ ಬಗ್ಗಿಸಿ ನಿಂತಿದ್ದಾರೆ” ಎಂದೆ.

ಅಧ್ಯಕ್ಷರು ಒಂದು ಕಣ್ಣು ತೆರೆದರು. ಮೇಡಂ ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದರು.

“ಬಗ್ಗಿ ನಿಂತೋರು ಇದ್ದಾರೆ ಸರ್, ಒಪ್ಪುತ್ತೀನಿ. ಆದ್ರೆ ಎಲ್ಲರೂ ಬಗ್ಗಿಲ್ಲ. ಕೆಲವರು ಇರೋದೇ ಅಷ್ಟು ಎತ್ತರ.”

“ಯಾರು ಯಾರು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗಲ್ಲ. ನಿಮಗೂ ಗೊತ್ತಾಗಲ್ಲ. ಗೊತ್ತಿಲ್ಲದೇ ಇದ್ದಾಗ ಎಲ್ಲರನ್ನೂ ಕಳ್ಳರು ಅನ್ನೋದು ಸುಲಭ, ಅಷ್ಟೇ.”

ಅವರು ನಡುಗೆರೆಯ ಪರ. ಹೊಟ್ಟೆಗೆ ತೆರಿಗೆ ಹಾಕಬಾರದಂತೆ. ಕೇಳಲು ಚೆನ್ನಾಗಿದೆ. ಕೇಳಲು ಇಷ್ಟು ಚೆನ್ನಾಗಿರುವ ಮಾತನ್ನು ಯಾರು ಬರೆದುಕೊಟ್ಟಿದ್ದಾರೋ.

ಬರುವಾಗ ಕ್ಷೌರಕ್ಕೆ ಹೋದೆ. ಸುದ್ದಿ ಅಲ್ಲಿಗೂ ತಲುಪಿದೆ. “ಸಾರ್, ನಮ್ಮಂಥೋರ ತಲೆ ಮೇಲೂ ಬರುತ್ತಾ?” ಎಂದು ಕ್ಷೌರಿಕ ಕೇಳಿದ. “ಮೊದಲು ನನ್ನ ತಲೆ ಮುಗಿಸು, ನಿನ್ನದು ಆಮೇಲೆ ನೋಡೋಣ” ಎಂದೆ. ದುಡ್ಡು ಕೊಡಹೋದರೆ “ಇರ್ಲಿ ಬಿಡಿ ಸಾರ್” ಎಂದ. ಮೇಜಿನ ಮೇಲೆ ಇಟ್ಟು ಬಂದೆ. ಇಷ್ಟು ವರ್ಷ ಚಿಲ್ಲರೆಯನ್ನೂ ಬಿಡದವನು ಇಂದು ಉದಾರಿಯಾದ.

ಮಾರ್ಚ್ ೧೧, ಸೋಮವಾರ

ಮನೆಯಲ್ಲೇ ಏನೋ ನಡೆಯುತ್ತಿದೆ.

ತಂಗಿಯ ಬಲಗೈ ಮೊಣಕೈಯಿಂದ ಕೆಳಗೆ ಕಪ್ಪಿಟ್ಟಿದೆ. ಎಡಗೈ ಹಾಗಿಲ್ಲ. ತಟ್ಟೆ ಇಡುವಾಗ ಕಣ್ಣಿಗೆ ಬಿತ್ತು. “ಏನಿದು?” ಎಂದೆ. ಕೈ ಹಿಂದಕ್ಕೆ ಎಳೆದುಕೊಂಡು, “ಬಿಸಿಲಲ್ಲಿ ಬಟ್ಟೆ ಒಣಗಿಸ್ತೀನಲ್ಲ ಅಣ್ಣಾ” ಎಂದಳು. ಒಂದೇ ಕೈಯಲ್ಲಿ ಬಟ್ಟೆ ಒಣಗಿಸುವವರನ್ನು ನಾನು ಕಂಡಿಲ್ಲ.

ಅವಳು ಹತ್ತಿರ ಬಂದರೆ ಒಂದು ವಾಸನೆ. ಪೆಟ್ರೋಲಿನದ್ದು, ಅದರ ಜೊತೆಗೆ ಬಿಸಿ ಬ್ರೆಡ್ಡಿನದ್ದು. ಎರಡಕ್ಕೂ ಸಂಬಂಧ ಹೊಂದಿಸಲು ಆಗಲಿಲ್ಲ. ಅಡುಗೆಮನೆಯಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಪಿಸುಗುಟ್ಟುತ್ತಿರುತ್ತಾರೆ, ನಾನು ಒಳಗೆ ಹೋದರೆ ಮಾತು ತರಕಾರಿಗೆ ತಿರುಗುತ್ತದೆ. ಅತ್ತಿಗೆ ನಾದಿನಿ ಇಷ್ಟು ಹೊಂದಿಕೊಂಡಿದ್ದಾರೆಂದರೆ ಯಾರಿಗಾದರೂ ಸಂಶಯ ಬರಲೇಬೇಕು.

ಊಟದ ಮೇಲೆ ನನ್ನವಳು ಏನೂ ಅರಿಯದವಳಂತೆ ಕೇಳಿದಳು: “ಏನ್ರೀ, ಒಬ್ಬರ ಸಂಬಳ ಗೆರೆಗಿಂತ ಚೂರು ಜಾಸ್ತಿ ಇದ್ರೆ ಪೂರ್ತಿ ಸಂಬಳಕ್ಕೂ ತೆರಿಗೆ ಕಟ್ಟಬೇಕಾ?”

“ಇಲ್ಲ. ದಾಟಿದಷ್ಟಕ್ಕೆ ಮಾತ್ರ. ಗೆರೆವರೆಗಿನದನ್ನು ಯಾರೂ ಮುಟ್ಟಲ್ಲ.”

“ಅಷ್ಟೇನಾ! ಅದನ್ನ ಜನಕ್ಕೆ ಸರಿಯಾಗಿ ಹೇಳಬಾರದಾ?”

ಪಕ್ಕದಲ್ಲಿದ್ದ ತಂಗಿ ಉಸಿರು ಬಿಟ್ಟದ್ದು ಕೇಳಿಸಿತು. ನನ್ನ ಕೆಲಸದ ಬಗ್ಗೆ ಮದುವೆಯಾದಾಗಿನಿಂದ ಒಂದು ಪ್ರಶ್ನೆ ಕೇಳದವಳಿಗೆ ಈಗೇಕೆ ಈ ಜ್ಞಾನದಾಹ?

ಮಾರ್ಚ್ ೧೩, ಬುಧವಾರ

ತಂಗಿಯ ಚಪ್ಪಲಿಯ ಅಂಚಿನಲ್ಲಿ ಹಿಟ್ಟು. ನಮ್ಮ ಮನೆಯ ಹಿಟ್ಟಲ್ಲ, ಅದಕ್ಕಿಂತ ಬಿಳಿ.

ಮಾರ್ಚ್ ೧೫, ಶುಕ್ರವಾರ

ಇಂದು ಕಂಡದ್ದನ್ನು ಬರೆಯದೆ ಮಲಗಲಾರೆ. ಸಿಟ್ಟಿಗೋ ಸಂತೋಷಕ್ಕೋ.

ಸಭೆ ಮುಗಿಸಿ ರೈಲು ನಿಲ್ದಾಣದ ಎದುರಿನ ಚಹಾದಂಗಡಿಯ ಮುಂದೆ ಹೋಗುತ್ತಿದ್ದೆ. ಒಳಗೆ ಮೂಲೆಯ ಮೇಜಿನಲ್ಲಿ ಮೇಡಂ. ಎದುರಿಗೆ ಯಾರು? ವರ್ತಕರ ಸಂಘದ ಕಾರ್ಯದರ್ಶಿ. ಪೋಸ್ಟರಿನಲ್ಲಿ ಕೈಮುಗಿದು ನಿಂತಿರುವ ಅದೇ ಮನುಷ್ಯ. ಇಬ್ಬರೂ ನಗುತ್ತಿದ್ದರು. ಸಭೆಯಲ್ಲಿ ತುಟಿ ಬಿಚ್ಚಲು ಲೆಕ್ಕ ಹಾಕುವ ಮೇಡಂ ಅಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅವನು ಅವರ ಲೋಟಕ್ಕೆ ತಾನೇ ಸಕ್ಕರೆ ಹಾಕಿದ. ಎಷ್ಟು ಚಮಚ ಎಂದು ಕೇಳದೆಯೇ ಹಾಕಿದ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಈಗ ನಡುಗೆರೆ ಎನ್ನುವುದು, ಕೊನೆಯ ದಿನ ಮೆಲ್ಲಗೆ ಮೇಲಕ್ಕೆ ಜಾರಿಸುವುದು. ಇದೇ ಇರಬೇಕು ಉಪಾಯ.

ಮಾರ್ಚ್ ೧೮, ಸೋಮವಾರ

ಅಧ್ಯಕ್ಷರಿಗೆ ಹೇಳಿದೆ. ಒಬ್ಬರೇ ಇದ್ದಾಗ, ಕಂಡದ್ದನ್ನಷ್ಟೇ, ಒಂದು ಮಾತೂ ಸೇರಿಸದೆ. ಸಕ್ಕರೆಯ ವಿಷಯವನ್ನೂ ಹೇಳಿದೆ.

ಅವರು ಎರಡೂ ಕಣ್ಣು ತೆರೆದರು. “ಅವರನ್ನೇ ಕೇಳಿದ್ರಾ?”

“ಕೇಳಿದರೆ ನಿಜ ಹೇಳುತ್ತಾರಾ ಸರ್?”

“ಹೂಂ” ಎಂದರು. ಏನು ‘ಹೂಂ’ ಎಂಬುದು ತಿಳಿಯಲಿಲ್ಲ.

ಮಾರ್ಚ್ ೨೦, ಬುಧವಾರ

ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ.

ಸಭೆ ಶುರುವಾದ ಕೂಡಲೇ ಅಧ್ಯಕ್ಷರು ಮೇಡಂ ಅವರನ್ನು ಕೇಳಿದರು. ಸುತ್ತಿ ಬಳಸಲಿಲ್ಲ. ಶುಕ್ರವಾರ ಚಹಾದಂಗಡಿಯಲ್ಲಿ ಯಾರ ಜೊತೆ ಇದ್ದಿರಿ ಎಂದರು. ಹೇಳಿದವರು ಯಾರೆಂದು ಅವರು ಹೇಳಲಿಲ್ಲ. ಮೇಡಂ ನನ್ನ ಕಡೆಗೇ ನೋಡಿದರು.

“ಅವರು ನನ್ನ ಗಂಡ ಆಗಿದ್ದೋರು ಸರ್. ಬೇರೆಯಾಗಿ ಬಹಳ ವರ್ಷ ಆಯ್ತು. ಕಾಲೇಜಲ್ಲಿ ಯಾರಿಗೂ ಗೊತ್ತಿಲ್ಲ, ನಾನೇ ಹೇಳಿಲ್ಲ.”

ನಾನು ಸುಮ್ಮನಿರಬಹುದಿತ್ತು. “ನೀವು ನಗ್ತಾ ಇದ್ರಿ” ಎಂದುಬಿಟ್ಟೆ.

“ಹೌದು, ನಗ್ತಾ ಇದ್ದೆ. ಅವರ ಎದುರಿಗೆ ಕೂತು ನಕ್ಕಿದ್ದು ನೆನಪೇ ಇಲ್ಲ, ಅಷ್ಟು ಕಾಲ ಆಯ್ತು. ನಮ್ಮ ಮಗಳಿಗೆ ಮಗು ಆಗ್ತಿದೆ. ಅವಳು ಇಬ್ಬರಿಗೂ ಫೋನ್ ಮಾಡಿ, ನನ್ನ ಮಗು ಬರೋ ಹೊತ್ತಿಗೆ ನೀವಿಬ್ಬರೂ ಒಂದೇ ಬೆಂಚಿನ ಮೇಲೆ ಕೂರೋದು ಕಲೀರಿ ಅಂದಳು. ಕೂತು ನೋಡಿದ್ವಿ.” ಆಮೇಲೆ ಅಧ್ಯಕ್ಷರ ಕಡೆ ತಿರುಗಿದರು. “ಮೊದಲ ದಿನವೇ ಹೇಳಬೇಕಿತ್ತು ಸರ್. ನಾಚಿಕೆ ಆಯ್ತು, ಹೇಳಲಿಲ್ಲ. ಅದು ನನ್ನ ತಪ್ಪೇ. ನಾನು ಸಮಿತಿ ಬಿಡ್ತೀನಿ.”

ಅಧ್ಯಕ್ಷರು ತಡೆಯಲಿಲ್ಲ. ಮೇಡಂ ಪೆನ್ನು, ಕನ್ನಡಕ, ನೀರಿನ ಬಾಟಲಿ ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಬಾಗಿಲಲ್ಲಿ ನನಗೂ ನಮಸ್ಕಾರ ಮಾಡಿದರು.

ಮಾರ್ಚ್ ೨೧, ಗುರುವಾರ

ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮುಚ್ಚಿಟ್ಟವರು ಅವರು. ತಪ್ಪೆಂದು ಅವರೇ ಒಪ್ಪಿದರು. ನನ್ನ ಕೆಲಸ ನಾನು ಮಾಡಿದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಮ್ಮ ಹೇಳುತ್ತಿದ್ದಳು. ಇವತ್ತು ಯಾಕೆ ನೆನಪಾಯಿತೋ.

ಮಾರ್ಚ್ ೨೬, ಮಂಗಳವಾರ

ಸಮಿತಿಯಲ್ಲಿ ಈಗ ನಾವಿಬ್ಬರೇ. ಕೆಳಗೆರೆ ಎಂದರೆ ಇಲ್ಲ ಎನ್ನುವವರಿಲ್ಲ. ಗೆದ್ದೆ ಎಂದುಕೊಂಡು ಕುಳಿತರೆ ಅಧ್ಯಕ್ಷರು, “ಮೇಡಂ ಅವರ ವಾದ ಯಾರಾದರೂ ಬರೆಯಬೇಕಲ್ಲ? ನೀವೇ ಬರೆಯಿರಿ. ನಿಮ್ಮದನ್ನು ಆಮೇಲೆ ಬರೆಯುವಿರಂತೆ” ಎಂದರು. ಇದರಲ್ಲೇನೋ ಮಸಲತ್ತಿದೆ. ಬೇಡ ಎನ್ನಲು ಕಾರಣ ಸಿಗಲಿಲ್ಲ.

ಎದುರಾಳಿಯ ಲೆಕ್ಕವನ್ನು ಮೊದಲು ಗಟ್ಟಿಯಾಗಿ ನಿಲ್ಲಿಸಬೇಕು, ಬೀಳಿಸುವುದು ಆಮೇಲೆ. ಅದು ತಪಾಸಣೆಯ ಮೊದಲ ಪಾಠ. ಹಾಗೆಯೇ ಶುರುಮಾಡಿದೆ. ಅಂಗಡಿಯವನಿಗೆ ನಾವು ವ್ಯಾಪಾರದ ಮೇಲೆ ತೆರಿಗೆ ಹಾಕುವುದಿಲ್ಲ. ಬಾಡಿಗೆ, ದೀಪ, ಸಾಗಣೆ ಎಲ್ಲ ಕಳೆದು ಉಳಿದ ಲಾಭಕ್ಕೆ ಹಾಕುತ್ತೇವೆ. ಹಾಗಾದರೆ ಗಾರೆ ಕೆಲಸದವನ ಖರ್ಚು ಯಾವುದು? ಅವನ ಅಂಗಡಿ ಎಂದರೆ ಅವನ ಮೈ. ನಾಳೆ ಬೆಳಿಗ್ಗೆ ಆ ಅಂಗಡಿಯ ಬಾಗಿಲು ತೆರೆಯಬೇಕಾದರೆ ಅನ್ನ ಬೇಕು, ತಲೆ ಮೇಲೆ ಸೂರು ಬೇಕು, ಬಸ್ಸಿಗೆ ದುಡ್ಡು ಬೇಕು, ಜ್ವರ ಬಂದರೆ ಮಾತ್ರೆ ಬೇಕು. ಅದನ್ನೆಲ್ಲ ಕಳೆಯದೆ ತೆರಿಗೆ ಹಾಕಿದರೆ ಅಂಗಡಿಯವನಿಗೊಂದು ನ್ಯಾಯ, ಆಳಿಗೊಂದು ನ್ಯಾಯ. ಆ ಖರ್ಚೆಲ್ಲ ಕೂಡಿದರೆ ಹೆಚ್ಚುಕಡಿಮೆ ನಡುಗೆರೆಗೇ ಬಂದು ನಿಲ್ಲುತ್ತದೆ.

ಇಷ್ಟು ಬರೆದು, ಬೀಳಿಸಲು ಕುಳಿತೆ. ಸಂಜೆಯಾಯಿತು. ಉತ್ತರ ಸಿಗಲಿಲ್ಲ. ತಲೆನೋವಿರಬೇಕು.

ಮಾರ್ಚ್ ೨೮, ಗುರುವಾರ

ಅರ್ಧ ದಿನ ರಜೆ ಹಾಕಿ ತಂಗಿಯನ್ನು ಹಿಂಬಾಲಿಸಿದೆ.

ನಾನು ಕಚೇರಿಗೆ ಹೊರಟ ಸ್ವಲ್ಪ ಹೊತ್ತಿಗೇ ಅವಳೂ ಹೊರಟಳು. ನನ್ನವಳು ಬಾಗಿಲಲ್ಲಿ ನಿಂತು ಟಿಫಿನ್ ಡಬ್ಬಿ ಕೊಟ್ಟಳು. ಅಂದರೆ ಇವಳೂ ಶಾಮೀಲು. ನಾನು ಪೇಪರ್ ಅಂಗಡಿಯ ಹಿಂದೆ ನಿಂತಿದ್ದೆ. ತಂಗಿ ಮುಖ್ಯ ರಸ್ತೆ ದಾಟಿ, ಬೇಕರಿಯ ಹಿಂದಿನ ಓಣಿಗೆ ನುಗ್ಗಿದಳು. ಒಬ್ಬ ದಪ್ಪ ಮನುಷ್ಯ ಅವಳ ಕೈಗೆ ಏನೋ ಹಾಕಿದ. ದುಡ್ಡು ಎಂದುಕೊಂಡೆ. ಬೀಗದ ಕೈ.

ಓಣಿಯಲ್ಲಿ ಬೇಕರಿಯ ಬಿಳಿ ವ್ಯಾನು ನಿಂತಿತ್ತು. ಅವಳು ಬ್ರೆಡ್ಡಿನ ಟ್ರೇಗಳನ್ನು ಹಿಂದೆ ಜೋಡಿಸಿ, ಬಾಗಿಲು ಬಡಿದು, ಸುತ್ತು ಹಾಕಿ ಮುಂದೆ ಬಂದು, ಡ್ರೈವರ್ ಸೀಟಿಗೆ ಹತ್ತಿ ಕುಳಿತಳು. ಸೀಟು ಮುಂದಕ್ಕೆ ಎಳೆದುಕೊಂಡಳು. ಕನ್ನಡಿ ಸರಿಮಾಡಿದಳು. ಬಲಗೈಯನ್ನು ಕಿಟಕಿಯ ಮೇಲೆ ಬಿಸಿಲಿಗೆ ಇಟ್ಟಳು.

ಅಷ್ಟರಲ್ಲಿ ಓಣಿಗೆ ಅಡ್ಡಲಾಗಿ ಒಂದು ಲಾರಿ ಬಂತು. ನನ್ನ ತಂಗಿ ತಲೆ ಹೊರಗೆ ಹಾಕಿ ಕೂಗಿದಳು: “ಹಿಂದೆ ತಗೊಳ್ಳಪ್ಪಾ! ಇದೇನು ನಿಮ್ಮ ಮಾವನ ಮನೆ ಅಂಗಳನಾ?”

ಲಾರಿ ಹಿಂದೆ ಹೋಯಿತು.

ಆ ದನಿಯನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದು. ಮರ ಹತ್ತಿ ಕುಳಿತು ನನ್ನನ್ನು ಕೂಗುತ್ತಿದ್ದ ದನಿ. ಪೇಪರ್ ಅಂಗಡಿಯವನು “ಸಾರ್, ಏನಾದ್ರೂ ತಗೋತೀರಾ?” ಎಂದಾಗ ಬೇಡದ ಪತ್ರಿಕೆಯೊಂದನ್ನು ಕೊಂಡು ಕಚೇರಿಗೆ ಹೋದೆ.

ಏಪ್ರಿಲ್ ೧, ಸೋಮವಾರ

ನಾಲ್ಕು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಇಂದು ಊಟಕ್ಕೆ ಕುಳಿತಾಗ ಕೇಳಿದೆ: “ಇವತ್ತು ಎಷ್ಟು ಅಂಗಡಿಗೆ ಬ್ರೆಡ್ಡು ಹಾಕಿದೆ?”

ನನ್ನವಳ ಕೈಯಲ್ಲಿದ್ದ ಸೌಟು ನಿಂತಿತು. ತಂಗಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು.

“ಹಿಂದೆ ಬಂದಿದ್ಯಾ?”

“ಹೂಂ.”

“ನನ್ನನ್ನೇ ಕೇಳಬಹುದಿತ್ತು.”

“ಕೇಳಿದೆನಲ್ಲ. ಕೈ ಯಾಕೆ ಕಪ್ಪಾಗಿದೆ ಅಂತ.”

“ಅದು ಕೇಳೋದಲ್ಲ ಅಣ್ಣಾ. ತಪಾಸಣೆ.”

ಡ್ರೈವಿಂಗ್ ಅವಳಿಗೆ ಗಂಡ ಕಲಿಸಿದ್ದನಂತೆ. ಲೈಸೆನ್ಸ್ ಪೆಟ್ಟಿಗೆಯ ತಳದಲ್ಲಿ ಇತ್ತಂತೆ. ಬೇಕರಿಯಲ್ಲಿ ಡ್ರೈವರ್ ಬೇಕೆಂದು ಬೋರ್ಡು ಹಾಕಿದ್ದನ್ನು ನೋಡಿ ಹೇಳಿದವಳು ನನ್ನವಳು. ಹಾಗಾದರೆ ನನ್ನಿಂದ ಮುಚ್ಚಿಟ್ಟದ್ದೇಕೆ? ದುಡಿಯುವುದು ಬೇಡ ಎಂದು ನಾನು ಯಾವತ್ತು ಹೇಳಿದ್ದೆ?

“ಬೇಡ ಅನ್ನಲ್ಲ ನೀನು. ಆದ್ರೆ ಪ್ರತಿ ದಿನ ಕೇಳ್ತೀಯ. ಯಾರು ಕೊಟ್ರು, ಎಷ್ಟು ಕೊಟ್ರು, ಯಾಕೆ ಕೊಟ್ರು. ನಿನ್ನ ಮನೇಲಿ ನನಗೆ ಊಟಕ್ಕೆ ಕಮ್ಮಿ ಇಲ್ಲ ಅಣ್ಣಾ. ದೇವರಾಣೆ ಹೇಳ್ತೀನಿ, ಯಾವ ಅಣ್ಣನೂ ಇಷ್ಟು ನೋಡ್ಕೊಳ್ಳಲ್ಲ. ಆದ್ರೆ ಒಳಗೆ ಬಂದ ಕೂಡಲೇ ನೀನು ನನ್ನ ಮುಖ ನೋಡಲ್ಲ, ಚಪ್ಪಲಿ ನೋಡ್ತೀಯ.”

“ನನ್ನದೂ ನೋಡ್ತಾರೆ” ಎಂದಳು ನನ್ನವಳು. ಅವಳನ್ನು ಯಾರು ಕೇಳಿದರು?

ತಂಗಿ ಬೇರೆ ರೂಮು ಹುಡುಕುತ್ತಿದ್ದಾಳೆ. ಸಂಬಳ ಎಷ್ಟೆಂದು ಕೇಳಿದೆ. ಹೇಳಿದಳು. ಕೆಳಗೆರೆಗಿಂತ ಮೇಲೆ, ನಡುಗೆರೆಗಿಂತ ಕೆಳಗೆ. ಕೆಳಗೆರೆಯಾದರೆ ತೆರಿಗೆ ಕಟ್ಟಬೇಕಾಗುತ್ತದೆ ಎಂದೆ.

“ಕಟ್ತೀನಿ. ಇಷ್ಟು ವರ್ಷ ಯಾರ ಲೆಕ್ಕಕ್ಕೂ ಬರದವಳು ನಾನು. ಒಂದು ಕಡೆಯಾದ್ರೂ ಹೆಸರಿರ್ಲಿ.” ಹೇಳಿ ಎದ್ದು ಕೈ ತೊಳೆಯಲು ಹೋದಳು.

ತಟ್ಟೆಯಲ್ಲಿ ಅರ್ಧ ಹಾಗೇ ಇತ್ತು.

ಏಪ್ರಿಲ್ ೩, ಬುಧವಾರ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಂದು ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ವರದಿಯ ಕರಡಿನಲ್ಲಿ ನಡುಗೆರೆಯ ಕಡೆಗೆ ವಾಲುತ್ತಿರುವವನು ನಾನೇ. ಯಾಕೆ? ವಾದ ಗಟ್ಟಿಯಾಗಿದೆ ಎಂದೋ, ತಂಗಿಗೆ ಉಳಿಯಲಿ ಎಂದೋ? ಹಿಂದಿನ ಪುಟ ತಿರುವಿ ನೋಡಿದೆ. ಉತ್ತರ ಸಿಗಲಿಲ್ಲ ಎಂದು ಬರೆದದ್ದು ಮಂಗಳವಾರ, ಅವಳ ಹಿಂದೆ ಹೋದದ್ದು ಗುರುವಾರ. ಹಾಗಾದರೆ ನಾನು ನಿರ್ದೋಷಿ. ಆದರೆ ಪೆಟ್ರೋಲು, ಬ್ರೆಡ್ಡು ಎರಡೂ ಮೂಗಿಗೆ ಮೊದಲೇ ಬಡಿದಿತ್ತಲ್ಲ? ಮನಸ್ಸಿಗೆ ತಿಳಿಯುವ ಮೊದಲೇ ಮೂಗಿಗೆ ತಿಳಿದಿದ್ದರೆ? ಇಂಥ ಸಾಕ್ಷಿಯನ್ನು ಬೇರೆಯವರು ತಂದಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಸರಿ, ಕೆಳಗೆರೆಯೇ ಎಂದು ಬರೆದುಬಿಡೋಣವೆಂದು ಕುಳಿತೆ. ಆಗ ಅದೂ ತಂಗಿಗಾಗಿಯೇ ಎನಿಸಿತು. ಅವಳು ಹೆಸರಿರಲಿ ಎಂದಳಲ್ಲ. ಅಥವಾ ಅವಳ ಮೇಲಿನ ಸಿಟ್ಟಿಗೆ. ಎತ್ತ ತಿರುಗಿದರೂ ಅವಳೇ ಸಿಗುತ್ತಾಳೆ.

ಇಷ್ಟು ವರ್ಷ ಬೇರೆಯವರ ಎದೆಯಲ್ಲಿ ಏನಿದೆ ಎಂದು ಒಂದು ನೋಟದಲ್ಲಿ ಹೇಳುತ್ತಿದ್ದೆ. ನನ್ನದನ್ನು ಹೇಳಲು ಒಂದು ಹಗಲೂ ಸಾಲಲಿಲ್ಲ.

ಏಪ್ರಿಲ್ ೫, ಶುಕ್ರವಾರ

ಅಧ್ಯಕ್ಷರ ಮುಂದೆ ಹೋಗಿ ಹೇಳಿದೆ. ನನ್ನ ಮನೆಯಲ್ಲಿ ತಂಗಿ ಇದ್ದಾಳೆ, ವ್ಯಾನು ಓಡಿಸುತ್ತಾಳೆ, ಅವಳ ಸಂಬಳ ಎರಡು ಗೆರೆಗಳ ನಡುವೆ ಬೀಳುತ್ತದೆ, ನನ್ನ ಅಭಿಪ್ರಾಯವನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದೆ.

ಅಧ್ಯಕ್ಷರು ಬಹಳ ಹೊತ್ತು ಕಣ್ಣು ಮುಚ್ಚಿದರು. ನಿದ್ದೆ ಹೋದರೆಂದೇ ತಿಳಿದೆ.

“ನನ್ನ ತಮ್ಮ ಸಿನಿಮಾ ಥಿಯೇಟರಿನಲ್ಲಿ ಟಿಕೆಟ್ ಹರೀತಾನೆ” ಎಂದರು ಕೊನೆಗೆ. “ಅವನೂ ಅಲ್ಲೇ ಬೀಳ್ತಾನೆ. ಗೆರೆಗೆ ಹತ್ತಿರದವರು ಯಾರೂ ಇಲ್ಲದೋನನ್ನ ಹುಡುಕಿ ತಂದು ಗೆರೆ ಎಳೆಸಬೇಕು ಅಂದ್ರೆ, ಅಂಥೋನು ಎಲ್ಲಿ ಎಳೀತಾನೆ ಹೇಳಿ?”

“ಎಲ್ಲಿ ಬೇಕಾದರೂ ಎಳೀತಾನೆ ಸರ್.”

“ಅದಕ್ಕೇ ಅವನು ಬೇಡ. ಹೇಳಿಕೊಳ್ಳೋದು ಮುಖ್ಯ. ನೀವು ಹೇಳಿದ್ರಿ, ನಾನು ಹೇಳಿದೆ. ಮೇಡಂ ತಡವಾಗಿ ಹೇಳಿದ್ರು. ಮೂರನ್ನೂ ವರದಿಯ ಮೊದಲ ಪುಟದಲ್ಲಿ ಹಾಕೋಣ, ಓದಿದೋರು ತೂಗಿ ನೋಡ್ಲಿ. ಮೇಡಂ ಅವರನ್ನ ವಾಪಸ್ ಕರೀರಿ.”

“ನಾನಾ?”

“ಮತ್ತೆ? ಕಳಿಸಿದೋರೇ ಕರೀಬೇಕು.”

ಫೋನಿನಲ್ಲಿ ಹೇಳಬಹುದಿತ್ತು. ಕಾಲೇಜಿಗೆ ಹೋದೆ. ಪಾಠ ಮುಗಿಯುವ ತನಕ ಹೊರಗೆ ಕುಳಿತಿದ್ದೆ. ಮೇಡಂ ಬಂದಾಗ, “ಅಧ್ಯಕ್ಷರಿಗೆ ಹೇಳೋ ಮೊದಲು ನಿಮ್ಮನ್ನೇ ಕೇಳಬೇಕಿತ್ತು” ಎಂದೆ.

“ಕೇಳಿದ್ರೆ ನಾನು ನಿಜ ಹೇಳ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ” ಎಂದರು. “ಆದ್ರೂ ಕೇಳಬೇಕಿತ್ತು.”

ಕುಳಿತುಕೊಳ್ಳಿ ಎನ್ನಲಿಲ್ಲ. ಬರುತ್ತೇನೆ ಎಂದರು.

ಏಪ್ರಿಲ್ ೧೦, ಬುಧವಾರ

ಮುಗಿಯಿತು. ನಡುಗೆರೆ. ದಿನಸಿಯ ಬೆಲೆ ಏರಿದಂತೆ ಗೆರೆಯೂ ವರ್ಷಕ್ಕೊಮ್ಮೆ ಏರಬೇಕು, ಇಲ್ಲದಿದ್ದರೆ ಇಂದು ಕೆಳಗಿದ್ದವನು ಸಂಬಳದಲ್ಲಿ ಒಂದು ತುತ್ತೂ ಹೆಚ್ಚದೆ ನಾಳೆ ಮೇಲಿರುತ್ತಾನೆ ಎಂದು ಸೇರಿಸಿದವರು ಮೇಡಂ. ನಾನು ಸೇರಿಸಿದ್ದು ಒಂದೇ: ಗೆರೆಯ ಕೆಳಗಿರುವವರೂ ಬೇಕೆಂದರೆ ತಮ್ಮ ಆದಾಯ ಹೇಳಿ, ಕಟ್ಟಬೇಕಾದ್ದು ಸೊನ್ನೆ ಎಂದು ಬರೆಸಿ, ಹೆಸರು ನೋಂದಾಯಿಸಿಕೊಳ್ಳಬಹುದು. ಬಲವಂತವಿಲ್ಲ.

“ಕಟ್ಟಬೇಕಿಲ್ಲ ಅಂದ್ಮೇಲೆ ಯಾರು ಬರ್ತಾರೆ ಸರ್?” ಎಂದು ಮೇಡಂ ಕೇಳಿದರು.

“ಒಬ್ಬರಾದರೂ ಬರುತ್ತಾರೆ” ಎಂದೆ.

ನಾನು ಬರೆದ ಅವರ ವಾದವನ್ನು ಓದಿ, ಮೈಯೇ ಅಂಗಡಿ ಎಂಬಲ್ಲಿ ಬೆರಳಿಟ್ಟು, “ಇದು ನನಗೆ ಹೊಳೆದಿರಲಿಲ್ಲ” ಎಂದರು. ಹೊಗಳಿಕೆಯೇ ಇರಬೇಕು. ಅವರಿಗೆ ಮೊಮ್ಮಗಳು ಹುಟ್ಟಿದ್ದಾಳಂತೆ. ಅಧ್ಯಕ್ಷರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ನನಗೆ ಹೇಳಲಿಲ್ಲ.

ವರ್ತಕರ ಸಂಘ ನಾಳೆ ಬೈಯುತ್ತದೆ. ಕೆಳಗೆರೆ ಬೇಕೆಂದಿದ್ದವರೂ ಬೈಯುತ್ತಾರೆ. ನನ್ನ ಮುಖ ಸಿದ್ಧವಾಗಿದೆ.

ಏಪ್ರಿಲ್ ೧೨, ಶುಕ್ರವಾರ

ತಂಗಿಗೆ ಹೇಳಿದೆ. ಕಟ್ಟಬೇಕಿಲ್ಲ, ಹೆಸರು ಮಾತ್ರ ಬರೆಸಬಹುದು. “ಸೊನ್ನೆ ಅಂತನಾ?” ಎಂದು ನಕ್ಕಳು. ಆಮೇಲೆ ಹೇಳಿದಳು, ರೂಮು ಸಿಕ್ಕಿದೆಯಂತೆ. ನಾನು ಉಳಿದುಕೋ ಎನ್ನಬಹುದಿತ್ತು. “ಸಾಮಾನು ಸಾಗಿಸೋಕೆ ಯಾರಿದ್ದಾರೆ?” ಎಂದೆ.

ಏಪ್ರಿಲ್ ೨೧, ಭಾನುವಾರ

ತಂಗಿಯನ್ನು ಬಿಟ್ಟು ಬಂದೆವು.

ಬೇಕರಿಯವನು ವ್ಯಾನು ಕೊಟ್ಟಿದ್ದ. ಪೆಟ್ಟಿಗೆ, ಹಾಸಿಗೆ, ಅತ್ತಿಗೆ ನಾದಿನಿ ಎಲ್ಲ ಅದರಲ್ಲಿ. ನನಗೆ ಜಾಗ ಸಾಲದೆ ಪಾತ್ರೆ ತುಂಬಿದ ಬಕೆಟ್ಟಿನೊಂದಿಗೆ ಆಟೋದಲ್ಲಿ ಮೊದಲೇ ತಲುಪಿದೆ. ಮೆಟ್ಟಿಲ ಬುಡದಲ್ಲಿ ಕೆಳಮನೆಯ ಹೆಂಗಸು ಪೊರಕೆ ಅಡ್ಡ ಹಿಡಿದು ನಿಲ್ಲಿಸಿದಳು.

“ಯಾರು ಬೇಕು?”

“ಮೇಲಿನ ರೂಮಿಗೆ ಬರ್ತಾ ಇದ್ದಾರಲ್ಲ, ಅವರ ಅಣ್ಣ ನಾನು.”

“ಒಬ್ಬರೇ ಹೆಣ್ಣುಮಗಳು ಅಂದಿದ್ರು.”

“ಒಬ್ಬಳೇ. ನಾನು ಸಾಮಾನು ತಂದೆ.”

“ಬಕೆಟ್ಟು ಹಿಡ್ಕೊಂಡು ಯಾರು ಬೇಕಾದ್ರೂ ಬರ್ತಾರೆ.” ನನ್ನನ್ನು ಕಾಲಿನಿಂದ ತಲೆಯ ತನಕ ಅಳೆದಳು. “ಮುಖ ಹೋಲಲ್ವಲ್ಲ. ಏನು ಕೆಲಸ ನಿಮಗೆ?”

“ತೆರಿಗೆ ಇಲಾಖೆ.”

“ಹಾಗಾದ್ರೆ ಅಲ್ಲೇ ನಿಂತಿರಿ.”

ನಿಂತೆ. ಬಿಸಿಲಿತ್ತು. ಆಕೆ ಅಂಗಳ ಗುಡಿಸುವ ನೆಪದಲ್ಲಿ ನನ್ನ ಸುತ್ತಲೇ ಗುಡಿಸುತ್ತಿದ್ದಳು. ಬಕೆಟ್ಟಿನೊಳಗೂ ಇಣುಕಿದಳು. ಜಾಗ್ರತೆಯುಳ್ಳ ಹೆಂಗಸು. ಒಬ್ಬಳೇ ಇರುವವಳಿಗೆ ಕೆಳಗೆ ಇಂಥವರೊಬ್ಬರು ಇರುವುದು ಒಳ್ಳೆಯದೇ.

ವ್ಯಾನು ಬಂತು. ಇಕ್ಕಟ್ಟಾದ ಓಣಿಯಲ್ಲಿ ತಂಗಿ ಅದನ್ನು ಹಿಂದು ಮುಂದಾಗಿ ತಿರುಗಿಸಿ ಗೋಡೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿದಳು. ನನ್ನವಳು ಪಕ್ಕದಲ್ಲಿ ಹಾಸಿಗೆಯ ಸುರುಳಿ ಅಪ್ಪಿಕೊಂಡು ರಾಣಿಯಂತೆ ಕುಳಿತಿದ್ದಳು.

“ಇವರು ಯಾರಮ್ಮಾ? ನಿಮ್ಮಣ್ಣ ಅಂತಾರೆ” ಎಂದಳು ಕೆಳಮನೆಯವಳು.

ತಂಗಿ ಕಿಟಕಿಯಿಂದ ನನ್ನನ್ನು ನೋಡಿದಳು. ಬಕೆಟ್ಟು, ಬೆವರು, ಪೊರಕೆ ಎಲ್ಲ ನೋಡಿದಳು. ನಗು ತಡೆಯಲಾಗಲಿಲ್ಲ ಅವಳಿಗೆ. “ನಮ್ಮಣ್ಣನೇ. ಮೇಲೆ ಬಿಡಿ” ಎಂದಳು.

ಒಂದು ಕಿಟಕಿಯ ರೂಮು. ಎಲ್ಲ ಜೋಡಿಸುವಷ್ಟರಲ್ಲಿ ಸಂಜೆಯಾಯಿತು. ಬಕೆಟ್ಟು ಬೋರಲು ಹಾಕಿ ನನ್ನನ್ನು ಕೂರಿಸಿದಳು, ಬೇಕರಿಯ ಬನ್ನು ಕೊಟ್ಟಳು. ಹೊರಡುವಾಗ ಬಾಗಿಲ ತನಕ ಬಂದು, “ಅಣ್ಣಾ, ಬರ್ತಾ ಇರು” ಎಂದಳು. ಯಾವಾಗ ಎಂದೆ. “ನಿನಗೆ ಬೇಕಾದಾಗ. ಫೋನ್ ಮಾಡ್ಕೊಂಡು ಬಾ” ಎಂದಳು. ಸರಿ ಎಂದೆ.

ಬಸ್ಸಿನಲ್ಲಿ ನನ್ನವಳು ಕೇಳಿದಳು: “ಬಾಡಿಗೆ ಎಷ್ಟಂತೆ?”

“ಗೊತ್ತಿಲ್ಲ.”

“ಗೊತ್ತಿಲ್ವಾ? ನೀವು ಕೇಳಲಿಲ್ವಾ?”

“ಅವಳ ಬಾಡಿಗೆ ಅವಳು ಕಟ್ಟುತ್ತಾಳೆ. ನಾನ್ಯಾಕೆ ಕೇಳಲಿ?”

ಅವಳು ನಮ್ಮ ಸ್ಟಾಪು ಬರುವ ತನಕ ಕಿಟಕಿಯ ಕಡೆ ತಿರುಗದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಬನ್ನಿನ ಪುಡಿ ಮೆತ್ತಿಕೊಂಡಿದೆಯೇನೋ ಎಂದು ಕರವಸ್ತ್ರ ತೆಗೆದು ಒರೆಸಿಕೊಂಡೆ.